ಕರಕರ ಸದ್ದಿನ ಕೆಳಗಿನ ಹೆಸರು

ಹಳೆ ಗ್ರಾಮಫೋನ್ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸೋದು ಅಂದ್ರೆ ಬರೀ ನಕಲು ಮಾಡೋ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಈ ಕಡೆ ರೆಕಾರ್ಡ್ ಪ್ಲೇಯರ್, ಆ ಕಡೆ ಕಂಪ್ಯೂಟರ್, ಮಧ್ಯೆ ಒಂದು ವೈರು. ಹಾಡು ದಾಟಿತು, ಕೆಲಸ ಮುಗೀತು. ಆದರೆ ಓಲೆಗರಿ ಓದಿ ಪುಸ್ತಕ ಸಂಪಾದಿಸಿದವರನ್ನು ಕೇಳಿ ನೋಡಿ: ಯಾವುದನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕು ಅನ್ನೋ ತೀರ್ಮಾನ ಇಲ್ಲದ ನಕಲೇ ಇಲ್ಲ. ಪ್ಲೇಟಿನ ಕಥೆಯೂ ಅಷ್ಟೇ.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಧ್ವನಿಮುದ್ರಿಸಿಕೊಂಡ. ಮೈಕು ಇಲ್ಲದ ಕಾಲ ಅದು. ದೊಡ್ಡ ಕೊಳವೆಯೊಳಕ್ಕೆ ಮುಖ ಇಟ್ಟು ಜೋರಾಗಿ ಹಾಡಬೇಕು, ಅದೂ ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಹಾಡು ಮುಗಿದ ಕೂಡಲೇ ಆಕೆ 'ನನ್ನ ಹೆಸರು ಗೌಹರ್ ಜಾನ್' ಅಂತ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜಂಬಕ್ಕಲ್ಲ. ಮೇಣದ ಮೂಲಪ್ರತಿ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು; ಅಲ್ಲಿ ಪ್ಲೇಟು ಒತ್ತುವವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ! ದಾಸರ ಪದಕ್ಕೆ ಅಂಕಿತ ಇದ್ದ ಹಾಗೆ ಪ್ಲೇಟಿಗೆ ಈ ಕೂಗು. ಆ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಈಗ ಯೋಚಿಸಿ. ಮನೆಯಲ್ಲಿ ಕೂತು ಇಂಥ ಪ್ಲೇಟನ್ನು 'ಕ್ಲೀನ್' ಮಾಡುವವರು, ಹಾಡು ಮುಗೀತಲ್ಲ ಅಂತ ಕೊನೆಯ ಮೂರು ಸೆಕೆಂಡು ಕತ್ತರಿಸಿದರೆ ಹೋಗೋದು ಏನು? ಅಂಕಿತವೇ ಹೋಯ್ತು.

ಕರಕರ ಸದ್ದಿಗೂ ಒಂದು ಚರಿತ್ರೆ ಇದೆ. 78ರ ವೇಗದ ಪ್ಲೇಟುಗಳನ್ನು ಮಾಡಿದ್ದು ಅರಗಿನಿಂದ. ಹೌದು, ಪಾಂಡವರ ಅರಗಿನ ಮನೆಯ ಅದೇ ಅರಗು. ಅದರ ಜೊತೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಸದ್ದಿನ ದೊಡ್ಡ ಪಾಲು ಆ ಪುಡಿಯದ್ದೇ. ಜಗತ್ತಿನ ಅರಗಿನಲ್ಲಿ ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಎರಡನೇ ಮಹಾಯುದ್ಧದಲ್ಲಿ ಸರಬರಾಜಿಗೆ ಅಡ್ಡಿಯಾಗಿ, 1942ರಲ್ಲಿ ಅಮೆರಿಕ ಪ್ಲೇಟುಗಳಿಗೆ ಅರಗು ಬಳಸೋದಕ್ಕೆ ಮಿತಿ ಹಾಕಿತು. ಅಲ್ಲಿ ಸೈನಿಕರಿಗೆ ಕಳಿಸುವ ಪ್ಲೇಟುಗಳಿಗೆ ವಿನೈಲ್ ಬಂತು. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ವಿನೈಲ್ ಎಲ್‌ಪಿ ತಂದಿತು. ನಮ್ಮಲ್ಲಿ ಮಾತ್ರ 1960ರ ದಶಕದಲ್ಲೂ 78ರ ಪ್ಲೇಟುಗಳು ಬರುತ್ತಲೇ ಇದ್ದವು. ಹಾಗಾಗಿ ಒಂದೇ ಮನೆಯ ಪೆಟ್ಟಿಗೆಯಲ್ಲಿ ಎರಡೂ ಜಾತಿ ಸಿಗಬಹುದು. ಎಲ್‌ಪಿಯ ಸಣ್ಣ ಸೂಜಿಯನ್ನು 78ರ ಅಗಲ ಗೀರಿನಲ್ಲಿ ಇಟ್ಟರೆ ಅದು ತಳಕ್ಕಿಳಿದು ಕಸವನ್ನೇ ಓದತ್ತೆ, ಹಾಡನ್ನಲ್ಲ.

ಇನ್ನು ವೇಗ. '78' ಅಂತ ಕರೆದರೂ ಮೊದಮೊದಲ ಪ್ಲೇಟುಗಳೆಲ್ಲ ಸರಿಯಾಗಿ 78 ಸುತ್ತು ತಿರುಗುತ್ತಿರಲಿಲ್ಲ. ಕೆಲವು 70ರ ಹತ್ತಿರ, ಕೆಲವು 80 ದಾಟಿ. ವೇಗ ನೂರಕ್ಕೆ ಆರರಷ್ಟು ಏರಿದರೆ ಶ್ರುತಿ ಒಂದು ಸ್ವರಸ್ಥಾನ ಮೇಲೆ ಹೋಗತ್ತೆ. ನಾಲ್ಕು ಮನೆ ಶ್ರುತಿಯಲ್ಲಿ ಹಾಡಿದವರು ನಾಲ್ಕೂವರೆಯಲ್ಲಿ ಹಾಡಿದಂತೆ ಕೇಳಿಸ್ತಾರೆ, ಕಂಠವೂ ತೆಳ್ಳಗಾಗತ್ತೆ. ಅದನ್ನು ಕೇಳಿ 'ಆಗಿನವರು ಬಹಳ ಎತ್ತರದ ಶ್ರುತಿಯಲ್ಲಿ ಹಾಡ್ತಿದ್ರು' ಅಂತ ಯಾರಾದರೂ ಬರೆದರೆ, ನಮ್ಮ ನಕಲೇ ಸುಳ್ಳು ಸಾಕ್ಷಿ ಹೇಳಿದಂತಾಯ್ತು.

ಸದ್ದು ತೆಗೆಯೋ ಸಾಧನ ಇದೆಯಲ್ಲ ಅನ್ನಬಹುದು. ಇದೆ. ಪುಕ್ಕಟೆ ಸಿಗುವ ಆಡಾಸಿಟಿಯಲ್ಲೂ ಇದೆ. ಬರೀ ಕರಕರ ಇರುವ ತುಣುಕನ್ನು ತೋರಿಸಿದರೆ ಅದೇ ನಮೂನೆಯ ಸದ್ದನ್ನು ಇಡೀ ಹಾಡಿನಿಂದ ತಗ್ಗಿಸತ್ತೆ. ಹಿತಮಿತವಾದರೆ ಸರಿ. ಜಾಸ್ತಿಯಾದರೆ ಹಾಡು ನೀರೊಳಗಿಂದ ಬಂದ ಹಾಗೆ ಕೇಳತ್ತೆ; ತಂಬೂರಿಯ ನಾದ, 'ಸ'ಕಾರದ ಉಸಿರು ಎಲ್ಲ ಕಸದ ಜೊತೆಗೇ ಗುಡಿಸಿಹೋಗತ್ತೆ.

ಆದ್ದರಿಂದ ತಿದ್ದದ ಮೊದಲ ಪ್ರತಿಯನ್ನು ಹಾಗೇ ಇಡಬೇಕು. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ. ಮೂರು ನಿಮಿಷದ ಹಾಡು 30 ಎಂಬಿ. ಇವತ್ತಿನ ಲೆಕ್ಕದಲ್ಲಿ ಅದೇನು ಮಹಾ? ತಿದ್ದುವುದಿದ್ದರೆ ಎರಡನೇ ಪ್ರತಿಯಲ್ಲಿ ತಿದ್ದಿ. ಲೇಬಲ್ಲಿನ ಫೋಟೊ, ಅದರ ಪಕ್ಕ ಒಳಸುತ್ತಿನಲ್ಲಿ ಕೊರೆದ ಸಂಖ್ಯೆ, ಬಳಸಿದ ಸೂಜಿ ಮತ್ತು ವೇಗ, ಇಷ್ಟನ್ನೂ ಜೊತೆಗೆ ಬರೆದಿಡಿ. 'ಟ್ರ್ಯಾಕ್ 01' ಅಂತ ಹೆಸರಿಟ್ಟ ಫೈಲು ಹತ್ತು ವರ್ಷದಲ್ಲಿ ಅನಾಥವಾಗತ್ತೆ. ಕೊಳವೆಯ ಮುಂದೆ ನಿಂತ ಗೌಹರ್ ಜಾನ್ ಅವರಿಗೆ ಹೆಸರು ಹೇಳೋದಕ್ಕೆ ಸಿಕ್ಕಿದ್ದು ಎರಡು ಮೂರು ಸೆಕೆಂಡು. ನಮಗೆ ಪೂರ್ತಿ ಕೀಲಿಮಣೆಯೇ ಇದೆ.