ಮುಲ್ಕಿಯಿಂದ ಸಿ.ವಿ.ವರೆಗೆ: ಮಲಪ್ರಭಾ ಸೀಮೆಯ ನೌಕರಿ ಅರ್ಜಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ನೌಕರಿಗೆ ಅರ್ಜಿ ಹಾಕುವ ರೂಢಿ ಬೇರೂರಿದ್ದು ಬ್ರಿಟಿಷರ ಕಾಲದಲ್ಲಿ. ಅದಕ್ಕೂ ಮೊದಲು ಗೌಡಕಿ, ಕುಲಕರ್ಣಿಕೆ, ದೇಸಗತಿಗಳೆಲ್ಲ ವತನಗಳು. ತಂದೆಯಿಂದ ಮಗನಿಗೆ ಇಳಿಯುತ್ತಿದ್ದವು. ಕಿತ್ತೂರು ಸಂಸ್ಥಾನದ ಶೇತಸನದಿಗಳು ಚಾಕರಿಗೆ ಪ್ರತಿಯಾಗಿ ಭೂಮಿ ಉಣ್ಣುತ್ತಿದ್ದರು. ಸಂಗೊಳ್ಳಿ ರಾಯಣ್ಣನೂ ಅಂಥ ಶೇತಸನದಿಯೇ. ಯಾರ ಮನೆಯವರು ಎಂಬುದೇ ದೊಡ್ಡ ಅರ್ಹತೆ, ಅದನ್ನು ಊರೆಲ್ಲ ಬಲ್ಲದು, ಕಾಗದದಲ್ಲಿ ಬರೆದು ತಿಳಿಸಬೇಕಾಗಿರಲಿಲ್ಲ. 1824ರ ಕಾಳಗಗಳ ನಂತರ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮುಂದೆ ಬೈಲಹೊಂಗಲ ಸಂಪಗಾವಿ ತಾಲ್ಲೂಕಿಗೂ ಸವದತ್ತಿ ಪರಸಗಡ ತಾಲ್ಲೂಕಿಗೂ ಕಚೇರಿಯ ಊರುಗಳಾದವು. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನವಾಗಿ 1948ರವರೆಗೆ ಉಳಿಯಿತು.

ಕಾಗದಕ್ಕೆ ಬೆಲೆ ಬಂದದ್ದು ಸಾಲಿಗಳ ಜೊತೆಗೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲೂ ಮೊದಮೊದಲು ಮರಾಠಿಯದೇ ನಡೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಶಿಕ್ಷಣಾಧಿಕಾರಿಗಳಾದ ಡಬ್ಲ್ಯು.ಎ. ರಸೆಲ್, ಡೆಪ್ಯುಟಿ ಚೆನ್ನಬಸಪ್ಪ ಅವರಂಥವರ ದುಡಿಮೆಯಿಂದ ಕನ್ನಡ ಸಾಲಿಗಳು ಹಬ್ಬಿದವು. ಏಳನೆಯ ಇಯತ್ತೆಯ ಕೊನೆಗೆ ಬರುತ್ತಿದ್ದ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆಯ ದಾರಿ ತೆರೆಯುತ್ತಿತ್ತು. ಮುಂಬಯಿ ಸರಕಾರ 1950ರ ಕಾಯಿದೆಯಿಂದ ಕುಲಕರ್ಣಿ ವತನವನ್ನು ರದ್ದು ಮಾಡಿದ ಮೇಲೆ ಊರ ಲೆಕ್ಕದ ಕೆಲಸ ಸಂಬಳದ ತಲಾಠಿಯದಾಯಿತು. ಒಂದು ಮನೆತನದ ಹಕ್ಕಾಗಿದ್ದ ಕೆಲಸಕ್ಕೆ ಯಾರೂ ಅರ್ಜಿ ಹಾಕಬಹುದು ಎಂಬುದು ಸಣ್ಣ ಬದಲಾವಣೆಯಲ್ಲ. ಆದರೂ ಅರ್ಜಿಯ ಧಾಟಿ ಬಹುಕಾಲ ಬೇಡಿಕೊಳ್ಳುವವನದೇ ಆಗಿತ್ತು; ಕೈಲಾಗುವ ಕೆಲಸಕ್ಕಿಂತ ಮನೆಯ ಕಷ್ಟವೇ ಅದರಲ್ಲಿ ಮುಂದು.

1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಉದ್ಯೋಗ ವಿನಿಮಯ ಕಚೇರಿಯ ಕಾರ್ಡು, ಟೈಪು ಮಾಡಿಸಿದ ಬಯೋಡಾಟಾ, ಗೆಜೆಟೆಡ್ ಅಧಿಕಾರಿಯ ಸಹಿಯುಳ್ಳ ನಕಲು ಪ್ರತಿ: ಮುಂದಿನ ಮೂರು ನಾಲ್ಕು ದಶಕ ಅರ್ಜಿ ಎಂದರೆ ಈ ಕಟ್ಟು. ಬಯೋಡಾಟಾದಲ್ಲಿ ತಂದೆಯ ಹೆಸರು, ಜಾತಿ, ಧರ್ಮ, ಮದುವೆ, ಕಾಯಂ ವಿಳಾಸ ತಪ್ಪದೆ ಇರುತ್ತಿದ್ದವು. ಮಾಸ್ತರಿಕೆಗೂ ಬ್ಯಾಂಕಿಗೂ ಅದೇ ಹಾಳೆ. ಕೆಲಸ ನೋಡಿ ಕಾಗದ ಬದಲಿಸುವ ಯೋಚನೆಗೆ ಎಡೆಯೇ ಇರಲಿಲ್ಲ, ಏಕೆಂದರೆ ಸರಕಾರಿ ನೇಮಕಾತಿ ಅಂಕ ಮತ್ತು ಮೀಸಲಾತಿಯ ಲೆಕ್ಕದಲ್ಲಿ ನಡೆಯುತ್ತಿತ್ತು.

ಈಚೆಗೆ ಈ ಸೀಮೆಯವರಿಗೂ ತೆರೆದುಕೊಂಡಿರುವ ವಿಮಾನದ ಚಾಕರಿ, ಅಂದರೆ ಕ್ಯಾಬಿನ್ ಸಿಬ್ಬಂದಿಯ ಕೆಲಸ, ಈ ಲೆಕ್ಕಕ್ಕೆ ಸಿಗುವಂಥದ್ದಲ್ಲ. 1930ರಲ್ಲಿ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿ ಎಲೆನ್ ಚರ್ಚ್ ಎಂಬ ನರ್ಸನ್ನು ನೇಮಿಸಿಕೊಂಡಾಗಿನಿಂದಲೂ ಗಗನಸಖಿಯ ಆಯ್ಕೆಯಲ್ಲಿ ವಯಸ್ಸು, ಎತ್ತರ, ತೂಕ, ಅವಿವಾಹಿತೆಯೇ ಎಂಬ ಪ್ರಶ್ನೆ ಸೇರಿಕೊಂಡಿದ್ದವು. ಏರ್ ಇಂಡಿಯಾದ ನಿಯಮವೂ ಬಿಗಿಯಾಗಿತ್ತು: 35ಕ್ಕೆ ನಿವೃತ್ತಿ; ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಸಲ ಬಸುರಾದರೆ ಅಲ್ಲಿಗೇ ಕೆಲಸ ಮುಗಿಯಿತು. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1981ರಲ್ಲಿ ಬಸುರಿನ ನಿಯಮವನ್ನು ಹೊಡೆದುಹಾಕಿತು, ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಅರ್ಧ ಗೆಲುವು ಎನ್ನಬೇಕು. ಸಿ.ವಿ.ಯಲ್ಲಿ ‘ಅವಿವಾಹಿತೆ’ ಎಂದು ಮುಂದಾಗಿಯೇ ಬರೆದುಕೊಳ್ಳುವ ಅಭ್ಯಾಸದ ಹಿಂದೆ ಬಯೋಡಾಟಾದ ಜೊತೆಗೆ ಈ ಇತಿಹಾಸವೂ ಇದೆ.

1994ರಲ್ಲಿ ಏರ್ ಕಾರ್ಪೊರೇಶನ್ ಕಾಯಿದೆ ರದ್ದಾಗಿ ಖಾಸಗಿ ಕಂಪನಿಗಳಿಗೆ ಬಾಗಿಲು ಪೂರ್ತಿ ತೆರೆಯಿತು. 2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹುಬ್ಬಳ್ಳಿ–ಬೆಂಗಳೂರು ನಡುವೆ ಹಾರಾಟ ಶುರುಮಾಡಿತು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ 2017ರಲ್ಲಿ ತೆರೆಯಿತು. ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಹುಬ್ಬಳ್ಳಿ. ಎರಡೂ ನಿಲ್ದಾಣ ಹತ್ತಿರವೇ.

ವಿಮಾನದ ಚಾಕರಿಗೆ ಪಾಸ್‌ಪೋರ್ಟು ಬೇಕು, ಹಳೆಯ ಕಾಗದಗಳ ತೊಡಕು ಎದ್ದುಕಾಣುವುದು ಅಲ್ಲಿಯೇ. ಸಾಲಿಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಜೂನ್ 1 ಎಂದು ಬರೆದ ಜನ್ಮದಿನ ಕರ್ನಾಟಕದ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟು ಜನರದು. ವಯಸ್ಸಿನ ಮಿತಿಯಿರುವ ಕೆಲಸದಲ್ಲಿ ಆ ತಾರೀಖೇ ಅಳತೆಗೋಲಾಗುತ್ತದೆ. ಯಲ್ಲಮ್ಮನ ಕ್ಷೇತ್ರವಾದ ಸವದತ್ತಿಯ ಸುತ್ತ ದೇವದಾಸಿ ತಾಯಂದಿರ ಮಕ್ಕಳಿಗೆ ತಂದೆಯ ಹೆಸರಿನ ಕಾಲಮ್ಮು ಪ್ರತಿ ಅರ್ಜಿಯಲ್ಲೂ ಮುಳ್ಳು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ 1982ರಲ್ಲೇ ಬಂದರೂ ಫಾರಮ್ಮುಗಳು ಬದಲಾಗಲಿಲ್ಲ. 2016ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಪಾಸ್‌ಪೋರ್ಟಿಗೆ ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಹೆಸರು ಸಾಕು ಎಂದಿತು. ಜನ್ಮದಿನಕ್ಕೆ ಸಾಲಿಯ ದಾಖಲೆಯನ್ನೂ ಒಪ್ಪಿತು. ಒಂದು ವಿಷಯದಲ್ಲಿ ಮಾತ್ರ ಈ ಸೀಮೆಯವರಿಗೆ ಅನುಕೂಲ: ಮುಂಬಯಿ ಪದ್ಧತಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬಿಡಿಬಿಡಿಯಾಗಿ ಇರುವುದರಿಂದ, ಇನಿಶಿಯಲ್ ಬಳಸುವ ಹಳೆ ಮೈಸೂರಿನವರ ಪೇಚಾಟ ಇಲ್ಲಿ ಕಡಿಮೆ.

ಇಂದಿನ ಕ್ಯಾಬಿನ್ ಸಿಬ್ಬಂದಿಯ ಸಿ.ವಿ. ಒಂದೇ ಪುಟದ್ದು. ಪಿಯುಸಿ ತೇರ್ಗಡೆ, ಸೆಂಟಿಮೀಟರಿನಲ್ಲಿ ಎತ್ತರ, ಪಾಸ್‌ಪೋರ್ಟಿನ ಅವಧಿ, ಆಡುವ ಭಾಷೆಗಳು ಮೇಲೆಯೇ ಕಾಣಬೇಕು. ಕನ್ನಡ, ಹಿಂದಿ, ಇಂಗ್ಲಿಷಿನ ಜೊತೆ ಮರಾಠಿ ಬಲ್ಲವರು ಗಡಿ ಜಿಲ್ಲೆಯಲ್ಲಿ ಸಾಕಷ್ಟಿದ್ದಾರೆ. ಬಯೋಡಾಟಾದ ಕೊನೆಯ ಸಾಲಿಗೆ ತಳ್ಳುತ್ತಿದ್ದ ಆ ಮಾತು ಈಗ ಮೊದಲಿಗೆ ಬರುವುದು ಸರಿ. ಜಾತಿ, ಧರ್ಮ, ಮದುವೆಯ ಕಾಲಮ್ಮುಗಳಿಗೆ ಇಲ್ಲಿ ಕೆಲಸವಿಲ್ಲ. ಸುಮಾರು 50 ಆಸನಕ್ಕೆ ಒಬ್ಬರಂತೆ ಸಿಬ್ಬಂದಿ ಇರಬೇಕೆಂಬ ನಿಯಮ ಸುರಕ್ಷತೆಗಾಗಿ ಇರುವುದು, ಊಟ ಬಡಿಸಲಿಕ್ಕಲ್ಲ. ಆದ್ದರಿಂದ ಎನ್‌ಸಿಸಿ, ಪ್ರಥಮ ಚಿಕಿತ್ಸೆ, ಗಿರಾಕಿಗಳ ಸಿಟ್ಟನ್ನು ಸಂಭಾಳಿಸಿದ ಅನುಭವ ‘ಹವ್ಯಾಸ’ಗಳಿಗಿಂತ ಮೇಲೆ ಕೂಡಬೇಕು. ಎತ್ತರವನ್ನು ಹೆಚ್ಚಿಸಿ ಬರೆದು ಪ್ರಯೋಜನವಿಲ್ಲ: ದುಬೈನ ಎಮಿರೇಟ್ಸ್ ಕಂಪನಿ 160 ಸೆಂ.ಮೀ. ಎತ್ತರ ಕೇಳುವುದಲ್ಲದೆ, ತುದಿಗಾಲಲ್ಲಿ ನಿಂತು 212 ಸೆಂ.ಮೀ. ಮುಟ್ಟಬೇಕೆಂದೂ ಕೇಳುತ್ತದೆ.