ನಮ್ಮ ರೂಪಾಯಿ ನಡೆದ ಮರಳುನಾಡು: ಗಲ್ಫ್‌ಗೆ ಹೋದವರ ದಿನನಿತ್ಯದ ಚರಿತ್ರೆ

ಕರಾವಳಿಯಲ್ಲಿ ‘ದುಬೈಗೆ ಹೋಗಿದ್ದಾನೆ’ ಅಂದರೆ ಅದು ದುಬೈಯೇ ಆಗಬೇಕೆಂದಿಲ್ಲ. ಕುವೈತ್, ಕತಾರ್, ಬಹರೇನ್, ಮಸ್ಕತ್, ಸೌದಿ ಯಾವುದೂ ಆಗಬಹುದು. ಮಂಗಳೂರು, ಉಡುಪಿ, ಭಟ್ಕಳದ ಸುತ್ತಲಿನ ಎಷ್ಟೋ ಮನೆಗಳ ಒಲೆ ಉರಿದಿದ್ದು, ಹೆಣ್ಣುಮಕ್ಕಳ ಮದುವೆ ನಡೆದಿದ್ದು ಈ ದೇಶಗಳ ದುಡ್ಡಿನಿಂದ. ಈಗ ಬಯಲುಸೀಮೆಯ ಹಳ್ಳಿಗಳಿಂದಲೂ ಚಾಲಕರು, ಗಾರೆಯವರು, ಮನೆಗೆಲಸದ ಹೆಂಗಸರು ಹೋಗುತ್ತಿದ್ದಾರೆ.

ಹೋದವರು ಅಲ್ಲಿ ಬದುಕಲು ಕಲಿತದ್ದು ಹೇಗೆ? ಆ ಚರಿತ್ರೆ ಶಾಲೆಯ ಪುಸ್ತಕದಲ್ಲಿಲ್ಲ.

ತೈಲಕ್ಕಿಂತ ಹಳೆಯ ನಂಟು

ವಿಜಯನಗರದ ಅರಸರ ಸೈನ್ಯಕ್ಕೆ ಅರಬ್ಬಿ ಕುದುರೆಗಳು ಬೇಕಿದ್ದವು. ಅವು ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಬಂದು ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು. ಅಂದರೆ ಈ ಕಡಲ ದಾರಿಗೆ 500 ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

ಬ್ರಿಟಿಷರ ಕಾಲದಲ್ಲಿ ನಂಟು ಇನ್ನೂ ಬಿಗಿಯಾಯಿತು. ಗಲ್ಫ್‌ನ ಸಣ್ಣ ಸಂಸ್ಥಾನಗಳ ಮೇಲಿನ ಉಸ್ತುವಾರಿಯನ್ನು ಬ್ರಿಟಿಷರು ನಡೆಸುತ್ತಿದ್ದುದು ಭಾರತದ ಸರ್ಕಾರದ ಮೂಲಕ. ಮಸ್ಕತ್‌ನಲ್ಲಿ 1864ರಲ್ಲಿ, ದುಬೈಯಲ್ಲಿ 1909ರಲ್ಲಿ ತೆರೆದ ಅಂಚೆ ಕಚೇರಿಗಳು ಭಾರತದ ಅಂಚೆ ಇಲಾಖೆಯವು. ಅಲ್ಲಿಯ ಕಾಗದಕ್ಕೆ ನಮ್ಮ ಅಂಚೆ ಚೀಟಿಯನ್ನೇ ಅಂಟಿಸುತ್ತಿದ್ದರು.

ದುಡ್ಡೂ ನಮ್ಮದೇ. ಕುವೈತ್, ಬಹರೇನ್, ಕತಾರ್, ದುಬೈ ಪೇಟೆಗಳಲ್ಲಿ ಭಾರತದ ರೂಪಾಯಿ ನಡೆಯುತ್ತಿತ್ತು. ಆ ರೂಪಾಯಿಯ ಮೂಲಕ ಚಿನ್ನದ ಕಳ್ಳಸಾಗಣೆ ಹೆಚ್ಚಾದಾಗ, ಅದನ್ನು ತಡೆಯಲು ರಿಸರ್ವ್ ಬ್ಯಾಂಕ್ 1959ರಲ್ಲಿ ಗಲ್ಫ್‌ಗೆಂದೇ ಬೇರೆ ನೋಟು ಅಚ್ಚು ಹಾಕಿಸಿತು. ಬಣ್ಣ ಬೇರೆ, ನೋಟಿನ ಸಂಖ್ಯೆಯ ಮುಂದೆ ‘ಝಡ್’ ಅಕ್ಷರ, ಬೆಲೆ ಮಾತ್ರ ಅದೇ. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಸ್ವಂತ ದಿನಾರ್ ತಂದವು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರ್ 7 ರೂಪಾಯಿ 50 ಪೈಸೆಯಾಯಿತು. ಕತಾರ್, ದುಬೈಗಳು ಅದೇ ವರ್ಷ ನಮ್ಮ ರೂಪಾಯಿಯನ್ನು ಬಿಟ್ಟವು. ಒಮಾನ್ 1970ರವರೆಗೆ ಇಟ್ಟುಕೊಂಡಿತ್ತು.

ಅಲ್ಲಿಯ ಬಾಯಲ್ಲಿ ಇದರ ಗುರುತು ಇನ್ನೂ ಇದೆ. ಒಮಾನಿನ ಒಂದು ರಿಯಾಲ್ ಅಂದರೆ 1000 ‘ಬೈಸಾ’. ಅದು ನಮ್ಮ ಪೈಸೆಯೇ. ಗಲ್ಫ್ ಅರಬ್ಬಿಯಲ್ಲಿ ನೇರ ಹೋಗು ಅನ್ನಲು ‘ಸೀದಾ’ ಅನ್ನುತ್ತಾರೆ, ಆಲೂಗಡ್ಡೆಗೆ ‘ಆಲು’ ಅನ್ನುತ್ತಾರೆ.

ಹಡಗಿನಿಂದ ವಿಮಾನಕ್ಕೆ

ಬಹರೇನ್‌ನಲ್ಲಿ 1932ರಲ್ಲಿ, ಕುವೈತ್ ಮತ್ತು ಸೌದಿಯಲ್ಲಿ 1938ರಲ್ಲಿ, ದುಬೈಯಲ್ಲಿ 1966ರಲ್ಲಿ ತೈಲ ಸಿಕ್ಕಿತು. 1973ರಲ್ಲಿ ತೈಲದ ಬೆಲೆ ನಾಲ್ಕು ಪಟ್ಟಾಯಿತು. ರಸ್ತೆ, ಬಂದರು, ಆಸ್ಪತ್ರೆ, ಕಟ್ಟಡ ಎಲ್ಲ ಒಟ್ಟಿಗೆ ಏಳತೊಡಗಿದವು. ದುಡಿಯಲು ಜನ ಸಾಲಲಿಲ್ಲ.

ಮೊದಲ ತಲೆಮಾರಿನವರಲ್ಲಿ ಹಲವರು ಹೋದದ್ದು ಮುಂಬೈಯಿಂದ ಹಡಗಿನಲ್ಲಿ. ‘ದ್ವಾರಕಾ’, ‘ದುಮ್ರಾ’, ‘ದಾರಾ’ ಎಂಬ ಹಡಗುಗಳು ಆ ದಾರಿಯಲ್ಲಿ ಓಡಾಡುತ್ತಿದ್ದವು. 1961ರ ಏಪ್ರಿಲ್ 8ರಂದು ದುಬೈ ಬಳಿ ‘ದಾರಾ’ದಲ್ಲಿ ಸ್ಫೋಟವಾಗಿ 238 ಮಂದಿ ಸತ್ತರು. ‘ದ್ವಾರಕಾ’ 1982ರವರೆಗೂ ಓಡಿತು.

ಆಗ ಊರಿಂದ ಮುಂಬೈಗೆ ಹೋಗುವುದೇ ದೊಡ್ಡ ಪ್ರಯಾಣ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ, ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಮುಂಬೈಯ ಯಾವುದೋ ಕೋಣೆಯಲ್ಲಿ ವೀಸಾಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಏಜೆಂಟರ ಕೈಯಲ್ಲಿ ಮೋಸ ಹೋದವರಲ್ಲಿ ಬಹಳ ಮಂದಿ ಸಿಕ್ಕಿಬಿದ್ದದ್ದು ಈ ಕಾಯುವ ವಾರಗಳಲ್ಲೇ.

ಮನೆಯಿಲ್ಲದ ವಿಳಾಸ

ಹೋದವನಿಗೆ ಮೊದಲು ಎದುರಾಗುತ್ತಿದ್ದ ವಿಚಿತ್ರ ಅಂದರೆ ವಿಳಾಸ. ಅಲ್ಲಿ ಸಾಮಾನ್ಯವಾಗಿ ಅಂಚೆಯವನು ಮನೆಬಾಗಿಲಿಗೆ ಬರುತ್ತಿರಲಿಲ್ಲ. ಹೆಚ್ಚಿನ ಕಾಗದ ಪೋಸ್ಟ್ ಬಾಕ್ಸ್ ಸಂಖ್ಯೆಗೆ ಹೋಗುತ್ತಿತ್ತು. ಕೂಲಿಗೆ ಹೋದವನಿಗೆ ಸ್ವಂತ ಬಾಕ್ಸ್ ಎಲ್ಲಿಂದ ಬರಬೇಕು? ಹೆಂಡತಿಯ ಕಾಗದ ಕಂಪನಿಯ ಬಾಕ್ಸಿಗೆ ಬಂದು, ಕಚೇರಿಯಿಂದ ಸೂಪರ್‌ವೈಸರ್ ಕೈಗೆ ಹೋಗಿ, ಕೊನೆಗೆ ಇವನ ಕೈ ಸೇರುತ್ತಿತ್ತು.

ಎರಡನೆಯದು ವಾರ. ಅಲ್ಲಿ ರಜೆ ಶುಕ್ರವಾರ, ಭಾನುವಾರ ಕೆಲಸದ ದಿನ. ಮಂಗಳೂರಿನ ಕ್ರೈಸ್ತರು ಭಾನುವಾರದ ಪೂಜೆಯನ್ನು ಶುಕ್ರವಾರಕ್ಕೆ ಹೊಂದಿಸಿಕೊಂಡರು. ಕನ್ನಡ ಸಂಘಗಳ ರಾಜ್ಯೋತ್ಸವ, ಯಕ್ಷಗಾನ, ಕ್ರಿಕೆಟ್ ಎಲ್ಲವೂ ಶುಕ್ರವಾರಕ್ಕೆ ಬಂದವು. ಯುಎಇ 2022ರಲ್ಲಷ್ಟೇ ಶನಿವಾರ–ಭಾನುವಾರದ ರಜೆಗೆ ಬದಲಾಯಿತು.

ಮೂರನೆಯದು ಮಾತು. ಅರಬ್ಬಿ ಕಲಿಯುತ್ತೇನೆ ಅಂದುಕೊಂಡು ಹೋದ ಕನ್ನಡಿಗ ಮೊದಲು ಕಲಿತದ್ದು ಹಿಂದಿ ಮತ್ತು ಮಲಯಾಳ. ಅಂಗಡಿ, ಹೋಟೆಲು, ಆಸ್ಪತ್ರೆ ಎಲ್ಲೆಡೆ ಕೇರಳದವರಿದ್ದರು. ಅರಬ್ಬಿ ಬಂದದ್ದು ಚೂರುಚೂರಾಗಿ. ಇಲ್ಲ ಅನ್ನಲು ‘ಮಾಫಿ’, ಹೋಗಲಿ ಬಿಡು ಅನ್ನಲು ‘ಖಲ್ಲಿವಲ್ಲಿ’. ರಜೆಗೆ ಬಂದವನ ಬಾಯಲ್ಲಿ ಈ ಪದಗಳು ಊರಿಗೂ ಬಂದವು.

ಕೋಣೆಯೊಂದರಲ್ಲಿ ಆರು, ಎಂಟು ಮಂದಿ. ಮಂಚದ ಮೇಲೆ ಮಂಚ. ಅಡುಗೆಗೆ ಸರದಿ. ಊರಲ್ಲಿ ಒಂದು ಲೋಟ ನೀರೂ ತಾನಾಗಿ ತೆಗೆದುಕೊಳ್ಳದ ಗಂಡಸು ಅಲ್ಲಿ ಸಾರು ಮಾಡುವುದು, ಬಟ್ಟೆ ಒಗೆಯುವುದು ಕಲಿತ. ಸರದಿ ತಪ್ಪಿದ ದಿನ ಅಗ್ಗದ ಕುಬ್ಬೂಸ್ ರೊಟ್ಟಿ. ರಜೆ ಮುಗಿಸಿ ಹೊರಟವರ ಪೆಟ್ಟಿಗೆಯಲ್ಲಿ ತನ್ನದಕ್ಕಿಂತ ಹೆಚ್ಚು ಕೋಣೆಯವರ ಮನೆಯ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇರುತ್ತಿತ್ತು.

ಧ್ವನಿಗೂ ಒಂದು ಚರಿತ್ರೆಯಿದೆ. ಫೋನ್ ದುಬಾರಿಯಾಗಿದ್ದ ಕಾಲದಲ್ಲಿ ಟೇಪ್ ರೆಕಾರ್ಡರ್‌ನಲ್ಲಿ ಮಾತಾಡಿ, ಆ ಕ್ಯಾಸೆಟ್ಟನ್ನು ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಓದು ಬಾರದ ತಾಯಿಗೆ ಬೇರೆಯವರಿಂದ ಕಾಗದ ಓದಿಸಿಕೊಳ್ಳುವ ಮುಜುಗರ ಅದರಿಂದ ತಪ್ಪಿತು. ಈಗ ಕೈಯಲ್ಲೇ ಫೋನ್ ಇದೆ. ಆದರೂ ಯುಎಇಯಲ್ಲಿ ವಾಟ್ಸಾಪ್ ಕರೆಗೆ ತಡೆಯಿರುವುದರಿಂದ ಊರಿನ ಅಜ್ಜಿಯರೂ ‘ಬೋಟಿಮ್’ ಹಾಕಿಕೊಳ್ಳಬೇಕಾಯಿತು.

ಹೊಂದಿಕೊಂಡರೂ ಅತಿಥಿಯೇ

ಇಷ್ಟೆಲ್ಲ ಹೊಂದಿಕೊಂಡ ಮನುಷ್ಯ ಕಾನೂನಿನ ಲೆಕ್ಕದಲ್ಲಿ ಏನಾಗಿದ್ದ? ಕಫೀಲನ, ಅಂದರೆ ಪ್ರಾಯೋಜಕನ, ಹೆಸರಲ್ಲಿ ಬಂದ ಅತಿಥಿ. ಕೆಲಸ ಇರುವವರೆಗೆ ವೀಸಾ, ವೀಸಾ ಇರುವವರೆಗೆ ವಾಸ. ಕಫೀಲ ಒಪ್ಪದೆ ಕೆಲಸ ಬದಲಿಸುವಂತಿರಲಿಲ್ಲ. ಪಾಸ್‌ಪೋರ್ಟನ್ನು ಮಾಲೀಕನೇ ಇಟ್ಟುಕೊಳ್ಳುವುದು ವಾಡಿಕೆಯಾಯಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಇಂತಿಷ್ಟು ಸಂಬಳ ಇರಲೇಬೇಕು. ಅದಿಲ್ಲದವನು 20–30 ವರ್ಷ ದುಡಿದು, ಮಕ್ಕಳು ಬೆಳೆದದ್ದನ್ನು ಎರಡು ವರ್ಷಕ್ಕೊಮ್ಮೆ ಬರುವ ರಜೆಯಲ್ಲಿ ನೋಡಿದ.

ಭಾರತ 1983ರಲ್ಲಿ ವಲಸೆ ಕಾಯ್ದೆ ತಂದಿತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’ ಆಯಿತು. ಅಂಥವರು ಗಲ್ಫ್‌ನಲ್ಲಿ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ಅಲ್ಲಿಯ ಕಾನೂನುಗಳೂ ನಿಧಾನವಾಗಿ ಬದಲಾದವು. ಯುಎಇಯಲ್ಲಿ 2005ರಿಂದ ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, 2009ರಿಂದ ಸಂಬಳ ಬ್ಯಾಂಕಿನ ಮೂಲಕವೇ ಬರಬೇಕು. ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಕುವೈತ್‌ನಲ್ಲಿ 2015ರಲ್ಲಿ, ಯುಎಇಯಲ್ಲಿ 2017ರಲ್ಲಿ ಬಂತು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ದುಡಿಯುವ ಹೆಂಗಸಿಗೆ ಕಾರ್ಮಿಕ ಕಾನೂನಿನ ಆಸರೆಯೇ ಇರಲಿಲ್ಲ.

ತಾನು ಅತಿಥಿ ಅನ್ನುವುದು ಎಲ್ಲರಿಗೂ ಒಂದೇ ದಿನ ಅರ್ಥವಾದದ್ದು 1990ರ ಆಗಸ್ಟ್ 2ರಂದು. ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿತು. ಬ್ಯಾಂಕಿನಲ್ಲಿದ್ದ ಉಳಿತಾಯ ಕೈಗೆ ಸಿಗದಾಯಿತು. ಭಾರತೀಯರು ಇರಾಕ್ ದಾಟಿ ಜೋರ್ಡಾನ್‌ಗೆ ಬಂದು, ಮರುಭೂಮಿಯ ಡೇರೆಗಳಲ್ಲಿ ಕಾದರು. ಸುಮಾರು ಎರಡು ತಿಂಗಳಲ್ಲಿ ಏರ್ ಇಂಡಿಯಾ ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು. ಅನೇಕರಿಗೆ ವಿಶ್ವಸಂಸ್ಥೆಯ ಆಯೋಗದಿಂದ ಪರಿಹಾರ ಸಿಕ್ಕಿತು, ಆದರೆ ವರ್ಷಗಳ ನಂತರ. ವಿಚಿತ್ರವೆಂದರೆ, ಯುದ್ಧ ಮುಗಿದ ಮೇಲೆ ಬಹಳ ಮಂದಿ ಮತ್ತೆ ಅಲ್ಲಿಗೇ ಹೋದರು. ಊರಲ್ಲಿ ಸಾಲ ಹಾಗೇ ಇತ್ತು.

ಕರಾವಳಿ ಮರೆಯಲಾರದ ಇನ್ನೊಂದು ದಿನ 2010ರ ಮೇ 22. ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಸತ್ತವರು 158 ಮಂದಿ, ಬದುಕಿದವರು 8.

ಮರಳಿ ಬಂದವರು

2019ರಿಂದ ಯುಎಇ ಹಣವಂತರಿಗೆ, ಹೆಚ್ಚಿನ ಪರಿಣತಿ ಇರುವವರಿಗೆ ಉದ್ದದ ಅವಧಿಯ ‘ಗೋಲ್ಡನ್ ವೀಸಾ’ ಕೊಡುತ್ತಿದೆ. ಗಾರೆಯವನಿಗೆ, ಚಾಲಕನಿಗೆ ಅದು ಸಿಗುವುದಿಲ್ಲ. ಕೆಲಸ, ವೀಸಾ ಮುಗಿದ ಮೇಲೆ ಅವನು ಹೊರಡಲೇಬೇಕು.

ಹಾಗಾಗಿ ಗಲ್ಫ್‌ನವನು ಎರಡು ಸಲ ಹೊಂದಿಕೊಳ್ಳಬೇಕು. ಹೋದಾಗ ಒಮ್ಮೆ, ಬಂದಾಗ ಇನ್ನೊಮ್ಮೆ. ಹೋದಾಗ ಕಲಿಸಲು ಕೋಣೆಯ ಗೆಳೆಯರಿದ್ದರು. ಬಂದಾಗ ಯಾರೂ ಇರುವುದಿಲ್ಲ. ತಾನೇ ಕಟ್ಟಿಸಿದ ಮನೆಯಲ್ಲಿ ಯಾವ ಸ್ವಿಚ್ ಯಾವ ದೀಪದ್ದು ಎಂದು ಹೆಂಡತಿಯನ್ನು ಕೇಳಬೇಕು. ಇಷ್ಟು ವರ್ಷ ಒಬ್ಬಳೇ ಗದ್ದೆ, ಬ್ಯಾಂಕು, ಶಾಲೆ, ಆಸ್ಪತ್ರೆ ನೋಡಿಕೊಂಡ ಹೆಂಡತಿಗೂ ಮನೆಯಲ್ಲಿ ಹೊಸ ಯಜಮಾನ ಬಂದಂತೆ. ದುಡ್ಡು ಕಳಿಸುತ್ತಿದ್ದಾಗ ಬರುತ್ತಿದ್ದ ನೆಂಟರು ಈಗ ಬರುವುದಿಲ್ಲ.

ನಿಮ್ಮ ಊರಲ್ಲಿ ಇಂಥವರಿದ್ದರೆ ‘ಎಷ್ಟು ಉಳಿಸಿದಿರಿ’ ಅಂತ ಕೇಳಬೇಡಿ, ಆ ಪ್ರಶ್ನೆ ಅವರು ಸಾಕಷ್ಟು ಕೇಳಿದ್ದಾರೆ. ಮೊದಲ ದಿನ ಅಲ್ಲಿ ಏನು ತಿಂದಿರಿ, ಕೋಣೆಯಲ್ಲಿ ಯಾರಿದ್ದರು ಅಂತ ಕೇಳಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದ, ಕ್ಯಾಸೆಟ್, ವೀಸಾ ಅಂಟಿಸಿದ ಪಾಸ್‌ಪೋರ್ಟ್ ಇದ್ದರೆ ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟನ್ನು ಇನ್ನೂ ಓಡುವ ಟೇಪ್ ರೆಕಾರ್ಡರಿಗೆ ಹಾಕಿ, ಧ್ವನಿಯನ್ನು ಫೋನಿಗೆ ಇಳಿಸಿಕೊಳ್ಳಿ. ಸುರುಳಿ ಹಾಳಾದರೆ ಆ ಮಾತು ಮತ್ತೆ ಸಿಗುವುದಿಲ್ಲ.