ಕಲಿಯುವವರ ಕೈ, ಕಲಿಸುವವರ ಹೊಣೆ

ಶಾಲೆಯಲ್ಲಿ ಮಗು ಲೆಕ್ಕ ತಪ್ಪಿದರೆ ಕೆಂಪು ಶಾಯಿಯಲ್ಲಿ ತಿದ್ದಿ ಮರೆತುಬಿಡುತ್ತೇವೆ. ರಸ್ತೆಯಲ್ಲಿ ಕಲಿಯುವವರಿಗೂ ಈ ರಿಯಾಯಿತಿ ಉಂಟೆ? ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1971ರಲ್ಲಿ ಈ ಪ್ರಶ್ನೆಯನ್ನು ಎದುರಿಸಿತು.

ಮಹಿಳೆಯೊಬ್ಬರು ಪರಿಚಯಸ್ಥರೊಬ್ಬರಿಂದ ಕಾರು ಓಡಿಸುವುದನ್ನು ಕಲಿಯುತ್ತಿದ್ದರು. ಆತ ವಿಮೆಯ ವಿಷಯ ವಿಚಾರಿಸಿಕೊಂಡೇ ಕಲಿಸಲು ಒಪ್ಪಿದ್ದರು. ಮೂರನೆಯ ಪಾಠದ ದಿನ ಎಡಕ್ಕೆ ತಿರುಗಿದ ಆಕೆ ಸ್ಟೀರಿಂಗನ್ನು ನೇರ ಮಾಡಲಿಲ್ಲ. ಕಾರು ದೀಪದ ಕಂಬಕ್ಕೆ ಬಡಿದು, ಕಲಿಸುವವರ ಮೊಣಕಾಲ ಚಿಪ್ಪು ಮುರಿಯಿತು.

ಆಕೆ ತನ್ನ ಶಕ್ತಿಮೀರಿ ಪ್ರಯತ್ನಿಸಿದ್ದಿರಬಹುದು. ಆದರೂ ನುರಿತ ಚಾಲಕನಲ್ಲಿರಬೇಕಾದ ಎಚ್ಚರವೇ ಕಲಿಯುವವರಿಗೂ ಅಳತೆಗೋಲು ಎಂದು ಲಾರ್ಡ್ ಡೆನಿಂಗ್ ಮತ್ತಿತರ ನ್ಯಾಯಾಧೀಶರು ತೀರ್ಪಿತ್ತರು. ಪಕ್ಕದಲ್ಲಿದ್ದವರ ಕೈಯಲ್ಲೂ ವಾಹನದ ಹತೋಟಿ ಇತ್ತಾದ್ದರಿಂದ ಪರಿಹಾರದ ಹಣ ಅರ್ಧಕ್ಕಿಳಿಯಿತು. ಕಲಿಸುವವರೂ ಬರೀ ಪ್ರಯಾಣಿಕರಲ್ಲ ಎಂಬುದೇ ಇದರ ಅರ್ಥ.

ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಇದೇ ದಾರಿಯಲ್ಲಿವೆ. ಕಲಿಕಾ ಲೈಸೆನ್ಸಿನವರು ಕಾರು ಓಡಿಸುವಾಗ ಲೈಸೆನ್ಸ್ ಉಳ್ಳವರು ಜೊತೆಗಿರಬೇಕು. ಬೇಕೆಂದಾಗ ವಾಹನ ನಿಲ್ಲಿಸಬಲ್ಲಂತೆ ಕುಳಿತಿರಬೇಕು. ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು 'ಎಲ್' ಇರಬೇಕು.

ಯಾವ ಲೈಸೆನ್ಸೂ ಇಲ್ಲದ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ತಮಗೆ ಗೊತ್ತಿಲ್ಲದೆ ನಡೆಯಿತೆಂದೋ, ತಡೆಯಲು ಯತ್ನಿಸಿದೆವೆಂದೋ ಅವರೇ ಸಾಬೀತು ಮಾಡಬೇಕು. ಹೈಸ್ಕೂಲು ಹುಡುಗರ ಕೈಗೆ ಸ್ಕೂಟರಿನ ಕೀಲಿ ಕೊಟ್ಟು ಹೆಮ್ಮೆಪಡುವ ಅಪ್ಪಂದಿರು ಇದನ್ನು ಓದಬೇಕು.

'ಎಲ್' ಫಲಕ ಇತರರಿಗೆ ಎಚ್ಚರಿಕೆ, ನಮಗೆ ಮಾಫಿಯಲ್ಲ. ಎದುರಿಗೆ ಬರುವ ಸೈಕಲ್ಲಿನವನ ಮೂಳೆಗೆ ನಾವು ಕಲಿಯುತ್ತಿದ್ದೇವೋ ಕಲಿತಿದ್ದೇವೋ ತಿಳಿಯುವುದಿಲ್ಲ.